ಗ್ಯಾಲಗಾದ ಹಡಗು ಸದ್ದಿಲ್ಲದೆ ಸಿಡಿಯುತ್ತಿತ್ತು

ಜುಲೈ ತಿಂಗಳ ಒಂದು ಭಾನುವಾರ ಉಡುಪಿಯ ಅಜ್ಜರಕಾಡಿನ ಹತ್ತಿರ ಒಂದು ಸಣ್ಣ ಹಾಲ್‌ನಲ್ಲಿ ನಾನು ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಂಗಡಿಯ ಮಿಷನ್ನಿಗೆ ಕಾಯಿನ್ ಹಾಕಿ ಆಡುತ್ತಿದ್ದ ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವಾಗ ಸೌಂಡ್ ಬಾರದಿದ್ದರೆ ಏನು ಮಾಡುವುದು, ಇದು ವಿಷಯ. ಸುರತ್ಕಲ್‌ನಿಂದ ಬಸ್ಸಿನಲ್ಲಿ ಲ್ಯಾಪ್‌ಟಾಪ್, ಸ್ಪೀಕರ್, ವಯರುಗಳ ಚೀಲ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಜೋರು ಮಳೆ, ಕರೆಂಟ್ ಹೋಯಿತು. ಸೌಂಡ್ ಬಾರದ ಆಟಗಳ ಬಗ್ಗೆ ಸೌಂಡ್ ಇಲ್ಲದ ಹಾಲ್‌ನಲ್ಲಿ ಮಾತು! ಪ್ರೊಜೆಕ್ಟರೂ ಇಲ್ಲ, ಸ್ಪೀಕರೂ ಇಲ್ಲ. ಹಾಗಾಗಿ ಆಟದ ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿ ತೋರಿಸಿದೆ. ಬರಹದಲ್ಲಿ ಅದು ನಿಮಗೆ ತಪ್ಪಿತು, ಒಳ್ಳೆಯದೇ ಆಯಿತು.

ನನ್ನ ಕತೆಯಿಂದಲೇ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ಮನೆಯ ಹತ್ತಿರದ ಬಡಗಿಯ ಕೈಯಲ್ಲಿ ಪ್ಲೈವುಡ್‌ನ ಒಂದು ಕ್ಯಾಬಿನೆಟ್ ಮಾಡಿಸಿದೆ. ಒಳಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಮೇಲೆ ಒಂದು ಹಳೆಯ ಮಾನಿಟರ್, ಎದುರಿಗೆ ಎರಡು ಜಾಯ್‌ಸ್ಟಿಕ್. ಹಳೆಯ ಆಟಗಳನ್ನು ಓಡಿಸುವ ರೆಟ್ರೋಆರ್ಕ್ ಎಂಬ ಪ್ರೋಗ್ರಾಂ ಹಾಕಿ, ಅದರಲ್ಲಿ ಮೇಮ್ 2003 ಎಂಬ ಕೋರ್, ಅಂದರೆ ಆರ್ಕೇಡ್ ಆಟಗಳಿಗೆ ಬೇಕಾದ ಭಾಗ, ಹಾಕಿ, ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಗ್ಯಾಲಗಾ ತೋರಿಸಿದೆ. 1981ರ ನಾಮ್ಕೋ ಆಟ, ಕೆಳಗೆ ನಮ್ಮ ಹಡಗು, ಮೇಲಿಂದ ಹುಳಗಳ ಹಾಗೆ ಸುತ್ತಿ ಸುತ್ತಿ ಬರುವ ಶತ್ರುಗಳು. ಶುರುವಿನ ಮ್ಯೂಸಿಕ್ ಬಂತು. ಗುಂಡಿನ ಸದ್ದು ಬಂತು. ಹುಳಗಳು ಕೆಳಗೆ ಧುಮುಕುವ ಸದ್ದೂ ಬಂತು. ಆದರೆ ನಮ್ಮ ಹಡಗಿಗೆ ಏಟು ಬಿದ್ದು ಚೂರು ಚೂರಾದಾಗ ಮಾತ್ರ ಏನೂ ಇಲ್ಲ. ಸುಮ್ನೆ ಮಾಯ. ಹುಡುಗ ಹೇಳಿದ, "ಮಾಮ, ಇದರಲ್ಲಿ ಸತ್ತದ್ದು ಗೊತ್ತೇ ಆಗುವುದಿಲ್ಲ."

ನಾನು ಏನು ಮಾಡಿದೆ? ಸ್ಪೀಕರ್ ಬದಲಿಸಿದೆ. ಆಮೇಲೆ ಆಂಪ್ಲಿಫೈಯರ್ ಬೋರ್ಡ್ ಬದಲಿಸಿದೆ. ಆಮೇಲೆ ವಯರು. ಒಂದು ವಾರ, ಸಾವಿರದ ಹತ್ತಿರ ಹತ್ತಿರ ದುಡ್ಡು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಸ್ಪೀಕರ್ ಹಾಳಾದರೆ ಎಲ್ಲ ಸದ್ದೂ ಹೋಗಬೇಕಲ್ವಾ? ಮ್ಯೂಸಿಕ್ಕನ್ನು ಬಿಟ್ಟು ಸಿಡಿತವನ್ನು ಮಾತ್ರ ನುಂಗುವ ಸ್ಪೀಕರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅರ್ಧ ಸೌಂಡ್ ಬರುತ್ತಿದೆ, ಇನ್ನರ್ಧ ಇಲ್ಲ ಎಂದಾದರೆ ಸ್ಕ್ರೂಡ್ರೈವರ್ ಕೆಳಗಿಡಿ. ತೊಂದರೆ ವಯರಿನಲ್ಲಿ ಇಲ್ಲ.

ಹಾಗಾದರೆ ಎಲ್ಲಿ? ಇದಕ್ಕೆ ಆ ಕಾಲದ ಮಿಷನ್ನಿನ ಹೊಟ್ಟೆಯೊಳಗೆ ನೋಡಬೇಕು. ಎಮ್ಯುಲೇಟರ್ ಎಂದರೆ ಆ ಹಳೆಯ ಮಿಷನ್ನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಹಾಗೆ ನಟಿಸುವ ಒಂದು ಪ್ರೋಗ್ರಾಂ. ಮೇಮ್ ಇದರಲ್ಲಿ ಹಿರಿಯಣ್ಣ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಅದನ್ನು ಮೊದಲು ಹೊರಗೆ ಬಿಟ್ಟದ್ದು. ಆಟದ ಪ್ರೋಗ್ರಾಂ ಇರುವುದು ಬೋರ್ಡಿನ ರೋಮ್ ಚಿಪ್ಪುಗಳಲ್ಲಿ. ಅದನ್ನು ರೀಡರ್‌ಗೆ ಚುಚ್ಚಿ ಓದಿದರೆ ಫೈಲ್ ಸಿಗುತ್ತದೆ. ಪ್ಯಾಕ್‌ಮ್ಯಾನ್ ತೆಗೆದುಕೊಳ್ಳಿ, 1980ರದ್ದು. ಅದರ ಸ್ವರದ ಆಕಾರಗಳೆಲ್ಲ, ಅಂದರೆ ಸದ್ದಿನ ಅಲೆ ಏರಿ ಇಳಿಯುವ ರೀತಿ, ಒಂದು ಪುಟ್ಟ ಚಿಪ್ಪಿನಲ್ಲಿ ಇವೆ. ಎಂಟು ಆಕಾರ, ಒಂದೊಂದಕ್ಕೆ 32 ಅಂಕಿ, ಒಟ್ಟು 256. ಅಷ್ಟೇ. ಆ ವಕಾ ವಕಾ ಸದ್ದಿನ ಮೂಲ ನಿಮ್ಮ ಫೋನಿನ ಒಂದು ಮೆಸೇಜಿಗಿಂತ ಜಾಸ್ತಿ ಇಲ್ಲ. ಆ ಅಂಕಿಗಳನ್ನು ಓದಿದರೆ ಸದ್ದು ನಿಮ್ಮ ಕೈಯಲ್ಲಿ.

ಆದರೆ ಅದಕ್ಕಿಂತ ಹಿಂದಿನ ಕೆಲವು ಆಟಗಳಲ್ಲಿ ಸದ್ದು ಅಂಕಿಯಾಗಿ ಇರಲೇ ಇಲ್ಲ. 1978ರ ಸ್ಪೇಸ್ ಇನ್‌ವೇಡರ್ಸ್ ನೋಡಿ, ಟೈಟೋ ಕಂಪನಿಯ ಟೊಮೊಹಿರೊ ನಿಶಿಕಾಡೊ ಮಾಡಿದ್ದು. ಅದರಲ್ಲಿ ಇಂಟೆಲ್ 8080 ಪ್ರೊಸೆಸರ್ ಇದೆ, ಆದರೆ ಪ್ರೊಸೆಸರ್ ಸೌಂಡ್ ಮಾಡುವುದಿಲ್ಲ. ಅದು ಬರೀ ಸ್ವಿಚ್ ಒತ್ತುತ್ತದೆ. ಗುಂಡು ಹೊಡೆದರೆ ಒಂದು ಸ್ವಿಚ್, ಶತ್ರು ಸತ್ತರೆ ಇನ್ನೊಂದು, ಹಾರುವ ತಟ್ಟೆ ಬಂದರೆ ಮತ್ತೊಂದು. ಸ್ವಿಚ್ಚಿನ ಆಚೆ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್‌ಗಳ ಒಂದೊಂದು ಸರ್ಕ್ಯೂಟ್ ಕೂತಿರುತ್ತದೆ. ಕೆಪಾಸಿಟರ್ ತುಂಬಿ ಖಾಲಿಯಾಗುವುದೇ ಸದ್ದು. ತಟ್ಟೆಯ ಊಯ್ ಊಯ್‌ಗೆ ಮಾತ್ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಸ್‌ಎನ್ 76477 ಎಂಬ ಚಿಪ್ ಇದೆ. ಅದೂ ಅನಲಾಗ್ ಸ್ವಭಾವದ್ದೇ, ಅಂಕಿಯಲ್ಲಿ ಅಲ್ಲ, ಕರೆಂಟಿನ ಏರಿಳಿತದಲ್ಲೇ ಸದ್ದು ಮಾಡುವಂಥದ್ದು. ಈಗ ಹೇಳಿ, ಇದನ್ನು ರೀಡರ್‌ಗೆ ಚುಚ್ಚಿ ಓದುವುದು ಹೇಗೆ? ರೆಸಿಸ್ಟರಿನಲ್ಲಿ ಓದಲಿಕ್ಕೆ ಏನುಂಟು ಮಾರಾಯ್ರೆ? ಎಲ್ಲ ರೋಮ್ ಫೈಲ್ ನಿಮ್ಮ ಹತ್ತಿರ ಸರಿಯಾಗಿಯೇ ಇದ್ದರೂ ಸದ್ದು ಅದರೊಳಗೆ ಇಲ್ಲ, ಯಾಕೆಂದರೆ ಅದು ಎಂದೂ ಅಲ್ಲಿ ಇರಲೇ ಇಲ್ಲ.

ಇಲ್ಲಿ ಎರಡೇ ದಾರಿ. ಒಂದು, ನಿಜವಾದ ಮಿಷನ್ ಎಲ್ಲಿದೆಯೋ ಅಲ್ಲಿ ಹೋಗಿ ಪ್ರತಿ ಸದ್ದನ್ನೂ ರೆಕಾರ್ಡ್ ಮಾಡಿ ವೇವ್ ಎಂಬ ಸೌಂಡ್ ಫೈಲ್ ಮಾಡುವುದು. ಆಟ ಸ್ವಿಚ್ ಒತ್ತಿದಾಗ ಎಮ್ಯುಲೇಟರ್ ಆ ಫೈಲ್ ನುಡಿಸುತ್ತದೆ. ಇದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಎರಡನೆಯದು, ಸರ್ಕ್ಯೂಟಿನ ನಕ್ಷೆ ಹಿಡಿದುಕೊಂಡು ಪ್ರತಿ ರೆಸಿಸ್ಟರ್, ಪ್ರತಿ ಕೆಪಾಸಿಟರ್ ಏನು ಮಾಡುತ್ತದೆ ಎಂದು ಲೆಕ್ಕ ಹಾಕುತ್ತಾ ಹೋಗುವುದು. ಮೇಮ್‌ನಲ್ಲಿ ಇದಕ್ಕೆ ಮೊದಲು ಡಿಸ್ಕ್ರೀಟ್ ಎಂಬ ವ್ಯವಸ್ಥೆ ಬಂತು, ಆಮೇಲೆ ಇನ್ನೂ ಆಳಕ್ಕೆ ಇಳಿಯುವ ನೆಟ್‌ಲಿಸ್ಟ್ ಬಂತು. ನೆಟ್‌ಲಿಸ್ಟ್‌ನ ತಾಕತ್ತು ಎಷ್ಟೆಂದರೆ 1972ರ ಪಾಂಗ್ ಆಟ, ಅದರಲ್ಲಿ ಪ್ರೊಸೆಸರೇ ಇಲ್ಲ, ಪ್ರೋಗ್ರಾಂ ಎಂಬುದೇ ಇಲ್ಲ, ಅದನ್ನೂ ಹೀಗೆ ಲೆಕ್ಕದಲ್ಲೇ ನಡೆಸುತ್ತಾರೆ.

ಉಡುಪಿಯಲ್ಲಿ ನಿಂತು ಹೇಳುವಾಗ ನನಗೆ ಯಕ್ಷಗಾನವೇ ನೆನಪಾದದ್ದು. ವೇಷಧಾರಿ ಕುಣಿಯುವಾಗ ಚೆಂಡೆಯವರ ಕಣ್ಣು ಅವರ ಕಾಲಿನ ಮೇಲೆ. ಕಾಲು ಜೋರಾದರೆ ಚೆಂಡೆಯೂ ಜೋರು. ಅದೇ ಆಟಕ್ಕೆ ಹಿಂದಿನ ವರ್ಷದ ಕ್ಯಾಸೆಟ್ ಹಾಕಿದರೆ? ಸದ್ದೇನೋ ಬರುತ್ತದೆ, ಸದ್ದೂ ಅಸಲಿಯೇ, ಆದರೆ ಅದು ಕಾಲನ್ನು ನೋಡುವುದಿಲ್ಲ. ಸ್ಯಾಂಪಲ್ ಎಂದರೆ ಕ್ಯಾಸೆಟ್. ನೆಟ್‌ಲಿಸ್ಟ್ ಎಂದರೆ ಎದುರಿಗೆ ಕೂತ ಚೆಂಡೆಯವರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಆಗಲೇ ಕೇಳಿದರು, "ಹಾಗಾದರೆ ಸ್ಪೇಸ್ ಇನ್‌ವೇಡರ್ಸ್‌ನ ಆ ಡುಮ್ ಡುಮ್ ಕೊನೆಕೊನೆಗೆ ಫಾಸ್ಟ್ ಆಗುತ್ತದಲ್ಲ, ಅದು ಕ್ಯಾಸೆಟ್ಟಿನಲ್ಲಿ ಹೇಗೆ ಆಗುತ್ತದೆ?" ಬಹಳ ಚಂದದ ಪ್ರಶ್ನೆ. ಅಲ್ಲಿ ಬಚಾವಾಗಿದ್ದು ಹೀಗೆ: ಆ ನಡಿಗೆ ಒಂದು ಉದ್ದದ ಮ್ಯೂಸಿಕ್ ಅಲ್ಲ. ನಾಲ್ಕು ಬೇರೆ ಬೇರೆ ಪೆಟ್ಟು, ನಾಲ್ಕು ಬೇರೆ ಸ್ವಿಚ್. ಯಾವಾಗ ಯಾವುದನ್ನು ಒತ್ತಬೇಕು ಎನ್ನುವುದನ್ನು ಆಟದ ಪ್ರೋಗ್ರಾಮೇ ತೀರ್ಮಾನಿಸುತ್ತದೆ. ಶತ್ರುಗಳು ಕಡಿಮೆಯಾದ ಹಾಗೆ ಬೇಗ ಬೇಗ ಒತ್ತುತ್ತದೆ. ಹಾಗಾಗಿ ನಾಲ್ಕು ಸಣ್ಣ ಸ್ಯಾಂಪಲ್ ಇದ್ದರೆ ತಾಳ ತಪ್ಪುವುದಿಲ್ಲ.

ಈಗ ನನ್ನ ಗ್ಯಾಲಗಾಕ್ಕೆ ಬರುತ್ತೇನೆ. ಅದರ ಮ್ಯೂಸಿಕ್ ನಾಮ್ಕೋದ ಮೂರು ಸ್ವರದ ವ್ಯವಸ್ಥೆಯಿಂದ ಬರುತ್ತದೆ, ಪ್ಯಾಕ್‌ಮ್ಯಾನ್ ಹಾಗೆಯೇ, ಅಂಕಿ ಓದಿದರೆ ಆಯಿತು. ಸಿಡಿತಕ್ಕೆ ಮಾತ್ರ 54ಎಕ್ಸ್‌ಎಕ್ಸ್ ಎಂಬ ಬೇರೆಯೇ ಚಿಪ್. ಹೊರಗಿನಿಂದ ನೋಡಿದರೆ ಗದ್ದಲ ಮಾಡುವ ಒಂದು ಚಿಪ್, ಒಳಗೆ ನೋಡಿದರೆ ಫುಜಿತ್ಸು ಕಂಪನಿಯ ನಾಲ್ಕು ಬಿಟ್‌ನ ಪುಟ್ಟ ಕಂಪ್ಯೂಟರ್. ಅದರ ಒಳಗಿನ ಪ್ರೋಗ್ರಾಂ ತೆಗೆಯಲು ಆಗದಿದ್ದ ಕಾಲದಲ್ಲಿ ಮೇಮ್‌ನವರು ಸ್ಯಾಂಪಲ್ ಬಳಸಿದರು, ಬ್ಯಾಂಗ್.ವೇವ್ ಎಂದು ಒಂದು ಫೈಲ್. ಆಮೇಲೆ ಪ್ರೋಗ್ರಾಂ ಸಿಕ್ಕಿತು, ಹೊಸ ಮೇಮ್‌ಗೆ ಸ್ಯಾಂಪಲ್ ಬೇಡ. ಆದರೆ ನಾನು ಹಾಕಿದ್ದ ಮೇಮ್ 2003 ಕೋರ್ ಇರುವುದು 0.78 ಎಂಬ ಹಳೆಯ ಆವೃತ್ತಿಯ ಮೇಲೆ. ಅದಕ್ಕೆ ಬೇಕು. ನನ್ನ ಹತ್ತಿರ ಇರಲಿಲ್ಲ.

ಸರಿ, ಇರಲಿಲ್ಲ ಎಂದು ಅದು ಹೇಳಬೇಕಿತ್ತಲ್ಲ? ಇಲ್ಲೇ ಎಲ್ಲರೂ ಮೋಸ ಹೋಗುವುದು. ರೋಮ್ ಫೈಲ್ ಒಂದು ಕಡಿಮೆ ಇದ್ದರೆ ಮೇಮ್ ಬೊಬ್ಬೆ ಹೊಡೆಯುತ್ತದೆ. ಇಂಥ ಫೈಲ್ ಇಲ್ಲ, ಆಟ ಶುರು ಮಾಡುವುದಿಲ್ಲ ಎಂದು ಬಾಗಿಲು ಹಾಕುತ್ತದೆ. ಸ್ಯಾಂಪಲ್ ಇಲ್ಲದಿದ್ದರೆ ಆಟವನ್ನು ತಡೆಯುವುದೇ ಇಲ್ಲ. ಮದುವೆಮನೆಯಲ್ಲಿ ಪಾಯಸ ಮುಗಿದಾಗ ಬಡಿಸುವವರು ನಮ್ಮ ಎಲೆಯನ್ನು ದಾಟಿ ಹೋಗುತ್ತಾರಲ್ಲ, ಹಾಗೆ. ಯಾರೂ ಏನೂ ಹೇಳುವುದಿಲ್ಲ. ಎಲೆ ಖಾಲಿ ಅಷ್ಟೇ.

ಸರಿ ಮಾಡುವುದು ಐದು ನಿಮಿಷದ ಕೆಲಸ, ಆದರೆ ತಪ್ಪುವ ಜಾಗಗಳು ಜಾಸ್ತಿ. ಸ್ಯಾಂಪಲ್ ಫೈಲ್ ಒಂದು ಜಿಪ್ ಆಗಿ ಬರುತ್ತದೆ, ಗ್ಯಾಲಗಾ.ಜಿಪ್ ಎಂದೇ ಹೆಸರು. ರೋಮ್ ಜಿಪ್ಪಿನದ್ದೂ ಅದೇ ಹೆಸರು! ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ನಾನು ಮೊದಲ ಸಲ ಮಾಡಿದ್ದೂ ಅದನ್ನೇ, ಸೌಂಡ್ ಹುಡುಕಲು ಹೋಗಿ ಆಟವೇ ಹೋಯಿತು. ಮೇಮ್‌ನಲ್ಲಾದರೆ ಅದರ ಫೋಲ್ಡರಿನೊಳಗೆ ಸ್ಯಾಂಪಲ್ಸ್ ಎಂಬ ಬೇರೆ ಫೋಲ್ಡರ್ ಇರುತ್ತದೆ. ರೆಟ್ರೋಆರ್ಕ್‌ನಲ್ಲಿ ಸಿಸ್ಟಂ ಫೋಲ್ಡರಿನೊಳಗೆ ಮೇಮ್ 2003, ಅದರೊಳಗೆ ಸ್ಯಾಂಪಲ್ಸ್. ಜಿಪ್ಪನ್ನು ಬಿಚ್ಚಬೇಡಿ, ಹಾಗೆಯೇ ಇಡಿ. ಒಮ್ಮೆ ತೆರೆದು ಮಾತ್ರ ನೋಡಿ. ಒಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ವೇವ್ ಫೈಲುಗಳು ಎಂದಿದ್ದರೆ ಎಮ್ಯುಲೇಟರಿಗೆ ಅವು ಕಾಣುವುದಿಲ್ಲ. ವೇವ್ ಫೈಲುಗಳು ಜಿಪ್ಪಿನ ಬಾಗಿಲಲ್ಲೇ ಇರಬೇಕು. ಫೈಲಿನ ಹೆಸರು ತಿದ್ದಬೇಡಿ, ಚಂದಕ್ಕೆಂದು ಕೂಡ. ಕೆಲವರು ನಾವೇ ಚೊಕ್ಕ ಮಾಡುತ್ತೇವೆ ಎಂದು ಆಡಿಯೋ ಎಡಿಟರಿನಲ್ಲಿ ತೆರೆದು ಸ್ಟೀರಿಯೋ ಮಾಡಿ ಸೇವ್ ಮಾಡುತ್ತಾರೆ, ಆಮೇಲೆ ಸೌಂಡ್ ಪೂರ್ತಿ ಹೋಯಿತು ಎಂದು ಫೋನ್ ಮಾಡುತ್ತಾರೆ. ಮೇಮ್ ಕೇಳುವುದು ಮೋನೋ, ಎಡ ಬಲ ಎಂದಿಲ್ಲದೆ ಒಂದೇ ದಾರಿಯ ಸೌಂಡ್.

ಇಷ್ಟಾದರೂ ಬಾರದಿದ್ದರೆ ರೆಟ್ರೋಆರ್ಕ್ ಮೆನುವಿನ ಕೋರ್ ಆಪ್ಷನ್ಸ್‌ನಲ್ಲಿ ಸ್ಯಾಂಪಲ್ ಬಳಸು ಎಂಬ ಸ್ವಿಚ್ ಆಫ್ ಆಗಿದೆಯೇ ನೋಡಿ. ಬರೀ ಮೇಮ್ ಬಳಸುವವರಿಗೆ ಮೇಮ್ ಇನಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಸ್ಯಾಂಪಲ್ಸ್ ಎಂಬಲ್ಲಿ 1 ಇರಬೇಕು. ವೆರಿಫೈಸ್ಯಾಂಪಲ್ಸ್ ಎಂಬ ಒಂದು ಕಮಾಂಡೂ ಉಂಟು, ಆಟದ ಹೆಸರು ಕೊಟ್ಟು ಓಡಿಸಿದರೆ ಯಾವುದು ಇದೆ, ಯಾವುದು ಇಲ್ಲ ಎಂದು ಪಟ್ಟಿ ಕೊಡುತ್ತದೆ. ನನಗೆ ಇದು ಗೊತ್ತಾಗಿದ್ದರೆ ಸ್ಪೀಕರಿನ ದುಡ್ಡು ಉಳಿಯುತ್ತಿತ್ತು.

ಈಗ ಉಲ್ಟಾ ಕೇಸ್. ಆಟ ಹೋದ ವರ್ಷದವರೆಗೆ ಚೆನ್ನಾಗಿತ್ತು, ಮೇಮ್ ಹೊಸದು ಮಾಡಿದೆ, ಈಗ ತೆರೆಯುವುದೇ ಇಲ್ಲ. ಇದು ಹೆಚ್ಚಾಗಿ ಮುಸ್ತಫಾ ಆಟದ ದೂರು. ಮುಸ್ತಫಾ ಎಂದ ಕೂಡಲೇ ಹಾಲ್‌ನಲ್ಲಿ ಅರ್ಧ ಜನ ನಕ್ಕರು, ಕತ್ತಲಲ್ಲೂ ಗೊತ್ತಾಯಿತು. 1993ರ ಕ್ಯಾಪ್‌ಕಾಮ್ ಆಟ, ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್, ಅದರಲ್ಲಿ ಮುಸ್ತಫಾ ಅಲ್ಲದೆ ಜಾಕ್, ಹನ್ನಾ, ಮೆಸ್ ಎಂದು ಇನ್ನೂ ಮೂವರು ಹೀರೋಗಳು ಇದ್ದಾರೆ, ಆದರೆ ನಮ್ಮಲ್ಲಿ ಅವರ ಹೆಸರು ಯಾರಿಗೆ ಬೇಕಿತ್ತು? ಇದರ ಸೌಂಡ್ ಕ್ಯೂಸೌಂಡ್ ಎಂಬ ವ್ಯವಸ್ಥೆಯದ್ದು, ಡಿಎಲ್-1425 ಎಂಬ ಚಿಪ್ ಅದನ್ನು ನಡೆಸುತ್ತದೆ. ತುಂಬಾ ವರ್ಷ ಆ ಚಿಪ್ಪಿನ ಒಳಗಿನ ಪ್ರೋಗ್ರಾಂ ಸಿಕ್ಕಿರಲಿಲ್ಲ, ಅದು ಏನು ಮಾಡುತ್ತದೆ ಎನ್ನುವುದನ್ನು ಹೊರಗಿನಿಂದ ನೋಡಿ ಮೇಮ್‌ನವರು ಅನುಕರಣೆ ಮಾಡಿದ್ದರು. ಆಮೇಲೆ ಒಳಗಿನ ಪ್ರೋಗ್ರಾಂ ಸಿಕ್ಕಿತು. ಸಿಕ್ಕಿದ ಮೇಲೆ ಅದೂ ಒಂದು ರೋಮ್ ಫೈಲ್ ಆಯಿತು, ಕ್ಯೂಸೌಂಡ್ ಹೆಸರಿನ ಬೇರೆ ಜಿಪ್ಪಿನಲ್ಲಿ. ನಿಮ್ಮ ಹಳೆಯ ಆಟದ ಫೋಲ್ಡರಿನಲ್ಲಿ ಅದು ಇಲ್ಲ, ಹಾಗಾಗಿ ಹೊಸ ಮೇಮ್ ಬಾಗಿಲು ಹಾಕುತ್ತದೆ. ಆಟ ಕೆಟ್ಟದ್ದಲ್ಲ, ಎಮ್ಯುಲೇಟರ್ ಮೊದಲಿಗಿಂತ ಪ್ರಾಮಾಣಿಕ ಆದದ್ದು. ರೋಮ್ ಸೆಟ್ ಮತ್ತು ಎಮ್ಯುಲೇಟರ್ ಒಂದೇ ಆವೃತ್ತಿಯದ್ದಿರಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ. ಆಟದ ಹಕ್ಕು ಕಂಪನಿಗಳದ್ದು ಎನ್ನುವುದನ್ನೂ ಮರೆಯಬೇಡಿ. ಮೇಮ್ 2016ರಿಂದ ಪೂರ್ತಿ ಮುಕ್ತ ತಂತ್ರಾಂಶ, ಆಟಗಳು ಹಾಗಲ್ಲ. ಎಲ್ಲಿಂದ ತರುವುದು ಎಂದು ಕೇಳಿದವರಿಗೆ ನಾನು ಅಲ್ಲೂ ಉತ್ತರ ಕೊಡಲಿಲ್ಲ.

ಮುಸ್ತಫಾ ಎಂದಾಗ ಮಂಗಳೂರಿನ ಹಂಪನಕಟ್ಟೆಯ ಹತ್ತಿರದ ಒಂದು ಓಣಿ ನೆನಪಾಗುತ್ತದೆ. ತೊಂಬತ್ತರ ದಶಕ, ನಾಲ್ಕು ಮಿಷನ್ನಿನ ಅಂಗಡಿ, ಒಂದು ರೂಪಾಯಿಗೆ ಒಂದು ಕಾಯಿನ್. ಅಲ್ಲೊಂದು ಮಿಷನ್ ಯಾವಾಗಲೂ ಮೂಕ. ಚಿತ್ರ ಓಡುತ್ತಿರುತ್ತದೆ, ಇಬ್ಬರು ಹೊಡೆದಾಡುತ್ತಿರುತ್ತಾರೆ, ಸದ್ದಿಲ್ಲ. ಹಾಳಾಗಿದೆ ಎಂದು ನಾವು ಅದರ ಹತ್ತಿರವೂ ಹೋಗುತ್ತಿರಲಿಲ್ಲ. ಒಂದು ದಿನ ಬೇರೆ ಮಿಷನ್ ಖಾಲಿ ಇಲ್ಲದೆ ಕಾಯಿನ್ ಹಾಕಿದೆ ನೋಡಿ, ಎದೆ ಝಲ್ ಎನ್ನುವ ಸೌಂಡ್! ಅಂಗಡಿಯ ಅಣ್ಣನ ಹತ್ತಿರ ಕೇಳಿದರೆ ಮೇಲಿನ ಮಹಡಿ ತೋರಿಸಿದರು. ಮೇಲೆ ಟ್ಯೂಷನ್ ಕ್ಲಾಸ್. ದಿನವಿಡೀ ಸುಮ್ನೆ ಓಡುವಾಗಿನ ಸದ್ದನ್ನು ಅವರು ಬೋರ್ಡಿನಲ್ಲೇ ಆಫ್ ಮಾಡಿದ್ದರು.

ಆ ಸ್ವಿಚ್ ಇವತ್ತಿಗೂ ಎಮ್ಯುಲೇಟರಿನಲ್ಲಿ ಇದೆ. ಡಿಪ್ ಸ್ವಿಚ್ ಎನ್ನುತ್ತಾರೆ, ಬೋರ್ಡಿನ ಮೇಲಿನ ಕೆಂಪು ಅಥವಾ ನೀಲಿ ಡಬ್ಬಿಯ ಪುಟ್ಟ ಪುಟ್ಟ ಸ್ವಿಚ್‌ಗಳು. ಮೇಮ್‌ನಲ್ಲಿ ಟ್ಯಾಬ್ ಒತ್ತಿದರೆ ಮೆನುವಿನಲ್ಲಿ ಸಿಗುತ್ತವೆ. ಸ್ಟ್ರೀಟ್ ಫೈಟರ್ 2ರ ಹಾಗಿನ ಎಷ್ಟೋ ಆಟಗಳಲ್ಲಿ ಡೆಮೋ ಸೌಂಡ್ಸ್ ಎಂದು ಒಂದು ಸಾಲು ಇರುತ್ತದೆ. ಅದು ಆಫ್ ಇದ್ದರೆ ಕಾಯಿನ್ ಹಾಕುವವರೆಗೆ ಮೌನ. ಸ್ಪೇಸ್ ಇನ್‌ವೇಡರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಪ್ರೋಗ್ರಾಮಿನ ಕೈಯಲ್ಲಿ ಆಂಪ್ಲಿಫೈಯರನ್ನೇ ಆನ್ ಆಫ್ ಮಾಡುವ ಒಂದು ಬಿಟ್ ಇದೆ. ಯಾರೂ ಆಡದಾಗ ಅದು ಆಫ್. ಹಾಗಾಗಿ ಆಟ ತೆರೆದು ಎರಡು ನಿಮಿಷ ಕಾದು ಸೌಂಡ್ ಇಲ್ಲ ಎಂದು ಬೈಯುವ ಮೊದಲು ದಯವಿಟ್ಟು ಒಂದು ಕಾಯಿನ್ ಹಾಕಿ, ಒಂದು ಗುಂಡು ಹೊಡೆಯಿರಿ. ಕೀಬೋರ್ಡಿನ 5 ಒತ್ತಿದರೆ ಕಾಯಿನ್, 1 ಒತ್ತಿದರೆ ಶುರು. ಇದರಲ್ಲಿ ದುಡ್ಡೂ ಹೋಗುವುದಿಲ್ಲ.

ಪೂರ್ತಿ ಮೌನ, ಯಾವ ಆಟದಲ್ಲೂ ಏನೂ ಇಲ್ಲ ಎಂದರೆ ಮಾತ್ರ ಹೊರಗೆ ನೋಡಬೇಕು. ಪೈ ಬಳಸುವವರಲ್ಲಿ ಹೆಚ್ಚಿನವರ ಸೌಂಡ್ ಎಚ್‌ಡಿಎಂಐ ವಯರಿನಲ್ಲಿ ಮಾನಿಟರಿಗೆ ಹೋಗುತ್ತಿರುತ್ತದೆ, ಮಾನಿಟರಿಗೆ ಸ್ಪೀಕರೇ ಇರುವುದಿಲ್ಲ. ಸೆಟ್ಟಿಂಗ್‌ನಲ್ಲಿ ದಾರಿ ಬದಲಿಸಿ. ಪೈ 5ರಲ್ಲಿ ಹೆಡ್‌ಫೋನ್ ತೂತೇ ತೆಗೆದುಹಾಕಿದ್ದಾರೆ, ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಬೇಕು. ನಮ್ಮ ಕರಾವಳಿಯಲ್ಲಿ ಇನ್ನೊಂದು ಉಂಟು, ಮಳೆಗಾಲ ಮುಗಿಯುವಾಗ ಜಾಕ್‌ಗಳಲ್ಲಿ ಹಸಿರು ಕಿಲುಬು. ಉಪ್ಪುಗಾಳಿಗೆ ಯಾವ ಎಮ್ಯುಲೇಟರೂ ಔಷಧಿ ಕೊಡುವುದಿಲ್ಲ, ಸ್ಪಿರಿಟ್ ಹಾಕಿ ಒರೆಸಿ. ಸೌಂಡ್ ಬರುತ್ತದೆ ಆದರೆ ಕರಕರ ಎನ್ನುತ್ತದೆ ಎಂದಾದರೆ ಅದು ಬೇರೆಯೇ ರೋಗ. ಮೇಮ್‌ನಲ್ಲಿ ಎಫ್11 ಒತ್ತಿ ವೇಗ ನೋಡಿ, ಶೇಕಡಾ ನೂರಕ್ಕಿಂತ ಕೆಳಗೆ ಬೀಳುತ್ತಿದ್ದರೆ ಪಾಪ ಪೈಗೆ ಉಸಿರು ಕಟ್ಟಿದೆ.

ಅಷ್ಟು ಹೊತ್ತಿಗೆ ಕರೆಂಟ್ ಬಂತು. ಮಳೆ ಬಿಡಲಿಲ್ಲ. ಹಿಂದಿನ ಸಾಲಿನ ಒಬ್ಬಳು ಕಾಲೇಜು ಹುಡುಗಿ ಕೇಳಿದಳು, "ಸರ್, ರೆಕಾರ್ಡೂ ಆಗದ, ಲೆಕ್ಕಕ್ಕೂ ಸಿಗದ ಸದ್ದು ಯಾವುದಾದರೂ ಇದೆಯಾ?"

ಇದೆ. ಸ್ವಲ್ಪ ದೂರದಿಂದ ಹೇಳುತ್ತೇನೆ. ಸದ್ದು ಎಲ್ಲೆಲ್ಲೋ ಅಡಗಿರುತ್ತದೆ. 1983ರ ಜರ್ನಿ ಆಟದಲ್ಲಿ ಕ್ಯಾಬಿನೆಟ್ಟಿನೊಳಗೆ ನಿಜವಾದ ಕ್ಯಾಸೆಟ್ ಪ್ಲೇಯರ್ ಇತ್ತು, ಆ ಹೆಸರಿನ ಬ್ಯಾಂಡಿನ ಹಾಡನ್ನು ಅದು ಟೇಪಿನಿಂದಲೇ ಹಾಕುತ್ತಿತ್ತು. ಅಲ್ಲಿ ಸ್ಯಾಂಪಲ್ಲೇ ಸರಿ, ಅಸಲಿಯೂ ಕ್ಯಾಸೆಟ್ಟೇ ತಾನೆ. 1982ರ ಕ್ಯೂಬರ್ಟ್ ಇನ್ನೂ ಮಜಾ. ಗಾಟ್ಲೀಬ್ ಎಂಬ ಪಿನ್‌ಬಾಲ್ ಕಂಪನಿ ಮಾಡಿದ್ದು. ಕಿತ್ತಳೆ ಬಣ್ಣದ ಮೂತಿಯ ಪ್ರಾಣಿ, ಪಿರಮಿಡ್ಡಿನ ಮೇಲೆ ಹಾರುತ್ತದೆ, ಏಟು ಬಿದ್ದರೆ ಅರ್ಥವಿಲ್ಲದ ಭಾಷೆಯಲ್ಲಿ ಬೈಯುತ್ತದೆ. ಆ ಬೈಗುಳ ವೋಟ್ರ್ಯಾಕ್ಸ್ ಎಸ್‌ಸಿ-01 ಎಂಬ ಮಾತಾಡುವ ಚಿಪ್ಪಿನದ್ದು, ಅದರಲ್ಲಿ 64 ಧ್ವನಿಗಳು. ತುಂಬಾ ಕಾಲ ಅದಕ್ಕೂ ಸ್ಯಾಂಪಲ್ ಬೇಕಿತ್ತು, ಆಮೇಲೆ ಆ ಚಿಪ್ಪಿನ ಮುಚ್ಚಳ ತೆಗೆದು ಒಳಗನ್ನು ಓದಿ ಎಮ್ಯುಲೇಟ್ ಮಾಡಿದರು. ಆದರೆ ಕ್ಯೂಬರ್ಟ್ ಪಿರಮಿಡ್ಡಿನಿಂದ ಕೆಳಗೆ ಬಿದ್ದಾಗ ಟಪ್ ಎಂದು ಒಂದು ಸದ್ದು ಬರುತ್ತಿತ್ತಲ್ಲ, ಅದು ಸ್ಪೀಕರಿನಿಂದ ಬಂದದ್ದೇ ಅಲ್ಲ. ಕ್ಯಾಬಿನೆಟ್ಟಿನೊಳಗೆ ಪಿನ್‌ಬಾಲ್ ಮಿಷನ್ನಿನ ಒಂದು ಸೊಲೆನಾಯ್ಡ್, ಕರೆಂಟ್ ಕೊಟ್ಟರೆ ಮುಂದೆ ಹಾರುವ ಕಬ್ಬಿಣದ ತುಂಡು. ಅದು ಮರದ ಗೋಡೆಗೆ ಬಡಿಯುತ್ತಿತ್ತು. ಸ್ಯಾಂಪಲ್ ಇದೆ, ಹಾಕಬಹುದು. ಆದರೆ ಕೈಯಡಿಯ ಹಲಗೆ ನಡುಗಿದ್ದನ್ನು ಯಾವ ವೇವ್ ಫೈಲ್ ಕೊಡುತ್ತದೆ?

ಹಾಗಾಗಿ ನಾನು ಬಡಗಿಯ ಹತ್ತಿರ ಮತ್ತೆ ಹೋದೆ. 12 ವೋಲ್ಟಿನ ಒಂದು ಸೊಲೆನಾಯ್ಡ್ ತಂದು ಪ್ಲೈವುಡ್‌ಗೆ ಒಳಗಿನಿಂದ ಕೂರಿಸಿದೆ. ಪೈಯ ಪಿನ್ನಿಗೆ ಅದನ್ನು ನೇರ ಕೊಡಬೇಡಿ, ಸುಟ್ಟೀತು, ನಡುವೆ ಒಂದು ಟ್ರಾನ್ಸಿಸ್ಟರ್, ಅಡ್ಡಕ್ಕೆ ಒಂದು ಡಯೋಡ್ ಬೇಕು. ಇದಕ್ಕೆ ರೆಟ್ರೋಆರ್ಕ್ ಬಿಟ್ಟು ಬರೀ ಮೇಮ್ ಹಾಕಿಕೊಂಡೆ, ಅದರಲ್ಲಿ ಇಂಥ ಸಿಗ್ನಲನ್ನು ಹೊರಗೆ ತೆಗೆದುಕೊಳ್ಳಬಹುದು. ಮೊದಲ ಸಲ ಓಡಿಸಿದ್ದು ರಾತ್ರಿ ಹನ್ನೊಂದಕ್ಕೆ. ಕ್ಯೂಬರ್ಟ್ ಬಿತ್ತು, ಟಪ್. ಒಳಗಿನಿಂದ ಅಮ್ಮ ಎದ್ದು ಲೈಟ್ ಹಾಕಿದರು. "ಈ ಹೊತ್ತಿಗೆ ಯಾರದು ಬಾಗಿಲು ಬಡಿಯುವುದು?"